ಬೆಳಗಾವಿಯ ಸವಿತಾ, ಐರ್ಲೆಂಡಿನ ಹೆಂಗಸರು



1983ರಲ್ಲಿ ಐರ್ಲೆಂಡ್ ದೇಶ ತನ್ನ ಮತದಾರರನ್ನು ಒಂದು ಪ್ರಶ್ನೆ ಕೇಳಿತು. ಬಸಿರಿಯ ಜೀವಕ್ಕೂ ಅವಳ ಹೊಟ್ಟೆಯೊಳಗಿನ ಜೀವಕ್ಕೂ ಸಮಾನ ಹಕ್ಕಿದೆ ಎಂದು ಸಂವಿಧಾನದಲ್ಲೇ ಬರೆಯೋಣವೇ? ಮತ ಹಾಕಿದವರಲ್ಲಿ ಶೇ. 66.9ರಷ್ಟು ಜನ ಹೌದು ಎಂದರು. ಎಂಟನೆಯ ತಿದ್ದುಪಡಿ ಬಂತು. 2018ರ ಮೇ 25ರಂದು ಅದನ್ನು ತೆಗೆದುಹಾಕೋಣವೇ ಎಂದು ಮತ್ತೆ ಕೇಳಿದಾಗ ಶೇ. 66.4ರಷ್ಟು ಜನ ಹೌದು ಎಂದರು. ಮೂವತ್ತೈದು ವರ್ಷದಲ್ಲಿ ಒಂದು ದೇಶದ ಮನಸ್ಸು ಹೀಗೆ ಮಗ್ಗುಲು ಬದಲಿಸಿದ್ದು ಹೇಗೆ?

ನಮ್ಮ ಕಡೆ ಇದಕ್ಕೆ ಒಂದೇ ಹೆಸರಿನ ಉತ್ತರವಿದೆ: ಸವಿತಾ ಹಾಲಪ್ಪನವರ್. ಬೆಳಗಾವಿಯ ಹುಡುಗಿ, ದಂತವೈದ್ಯೆ, ವಯಸ್ಸು 31. 2012ರ ಅಕ್ಟೋಬರ್‌ನಲ್ಲಿ, ಹದಿನೇಳು ವಾರದ ಬಸಿರಿಯಾಗಿದ್ದಾಗ, ಬೆನ್ನುನೋವೆಂದು ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂದು ತಾನು ಹೇಳಿದ್ದು ನಿಜವೆಂದು ಅಲ್ಲಿನ ಸೂಲಗಿತ್ತಿಯೊಬ್ಬರು ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ಕಾನೂನಿನ ಹೆದರಿಕೆಯ ಜೊತೆಗೆ ಆರೈಕೆಯಲ್ಲೂ ದೊಡ್ಡ ಲೋಪಗಳಿದ್ದವೆಂದು ತನಿಖಾ ವರದಿ ಹೇಳಿತು.

ನವೆಂಬರ್ 14ರಂದು 'ಐರಿಶ್ ಟೈಮ್ಸ್' ಈ ಸುದ್ದಿ ಅಚ್ಚುಹಾಕಿತು. ಅದೇ ಸಂಜೆ ಡಬ್ಲಿನ್‌ನ ಸಂಸತ್ತಿನೆದುರು ಜನ ಸೇರಿದ್ದರು. ಒಂದೇ ದಿನದಲ್ಲಿ ಅಷ್ಟು ಜನ ಎಲ್ಲಿಂದ ಬಂದರು? ಸವಿತಾ ಸಾಯುವುದಕ್ಕೆ ಒಂದು ತಿಂಗಳು ಮೊದಲೇ, ಆ ಸೆಪ್ಟೆಂಬರ್‌ನಲ್ಲಿ, ಗರ್ಭಪಾತದ ಹಕ್ಕಿಗಾಗಿ ಅದೇ ಊರಿನಲ್ಲಿ ಮೆರವಣಿಗೆ ನಡೆದಿತ್ತು. ಆ ಮೆರವಣಿಗೆಯವರ ಹಿಂದೆ 1983ರಲ್ಲೇ ಸೋತವರಿದ್ದರು. 1984ರಲ್ಲಿ ಗ್ರಾನಾರ್ಡ್ ಎಂಬ ಸಣ್ಣ ಊರಿನಲ್ಲಿ ಹದಿನೈದರ ಹುಡುಗಿಯೊಬ್ಬಳು ಮೇರಿಮಾತೆಯ ಗವಿಯಲ್ಲಿ ಒಂಟಿಯಾಗಿ ಹೆತ್ತು ಸತ್ತಾಗ, ದೇಶದ ಮೂಲೆಮೂಲೆಯಿಂದ ಹೆಂಗಸರು ತಂತಮ್ಮ ಗುಟ್ಟಿನ ಬಸಿರಿನ ಕಥೆಗಳನ್ನು ರೇಡಿಯೋಗೆ ಬರೆದು ಕಳಿಸಿದ್ದರು. ಸವಿತಾ ಸಾವಿಗೆ ಇಷ್ಟು ಬಲ ಬಂದದ್ದು ಈ ಹಳೆಯ ಕೆಲಸದಿಂದ ಎಂದು ನನ್ನ ಎಣಿಕೆ.

ಇನ್ನು ಹಣದ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. 1980ರಿಂದ ಈಚೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರು ಐರ್ಲೆಂಡಿನ ವಿಳಾಸ ಕೊಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತ ಮಾಡಿಸಿಕೊಂಡರು. 1992ರಲ್ಲಿ ಹದಿನಾಲ್ಕರ ಬಾಲೆಯೊಬ್ಬಳನ್ನು ಹಾಗೆ ಹೋಗದಂತೆ ಕೋರ್ಟು ತಡೆದು ದೊಡ್ಡ ಗದ್ದಲವಾದ ಮೇಲೆ, ಹೊರದೇಶಕ್ಕೆ ಹೋಗಲು ಅಡ್ಡಿಯಿಲ್ಲವೆಂದು ಸಂವಿಧಾನಕ್ಕೇ ಸೇರಿಸಿದರು. ಇಲ್ಲಿ ಪಾಪ, ಹಡಗು ಹತ್ತಿದರೆ ಮಾಫಿ! ಟಿಕೆಟ್ಟಿಗೆ ದುಡ್ಡು, ಎರಡು ದಿನದ ರಜೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಇದ್ದವರಿಗೆ ದಾರಿ ಇತ್ತು. ವೀಸಾ ಇಲ್ಲದ ವಲಸಿಗರಿಗೆ ಅದೂ ಇರಲಿಲ್ಲ. 2014ರಲ್ಲಿ ಆಶ್ರಯ ಕೇಳಿ ಬಂದಿದ್ದ ಒಬ್ಬ ತರುಣಿಗೆ, ತನ್ನ ದೇಶದಲ್ಲಾದ ಅತ್ಯಾಚಾರದಿಂದ ಬಸಿರಾಗಿರುವುದು ಐರ್ಲೆಂಡಿಗೆ ಬಂದ ಮೇಲೆ ತಿಳಿಯಿತು. ಇಂಗ್ಲೆಂಡಿಗೆ ಹೋದವಳನ್ನು ಅಲ್ಲಿಂದ ವಾಪಸು ಕಳಿಸಿದರು. ಅವಳು ಅನ್ನನೀರು ಬಿಟ್ಟಳು. ಕೊನೆಗೆ ಸಿಸೇರಿಯನ್ ಮಾಡಿ ಮಗು ತೆಗೆದರು. ಇಂಥವರ ಪರವಾಗಿ ವಲಸೆ ಬಂದ ಹೆಂಗಸರೇ ತಮ್ಮದೊಂದು ಗುಂಪು ಕಟ್ಟಿಕೊಂಡರು. ಕಾನೂನು ಬದಲಾದರೂ ಕಾಗದಪತ್ರ ಇಲ್ಲದವಳ ಪಾಡೇನು ಎಂದು ಚಳವಳಿಯ ಒಳಗೇ ಕೇಳಿದವರು ಅವರು.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. 99 ಜನ ಸಾಮಾನ್ಯ ನಾಗರಿಕರ ಸಭೆಯೊಂದು ವಾರಾಂತ್ಯಗಳಲ್ಲಿ ಕೂತು ವೈದ್ಯರನ್ನೂ ವಕೀಲರನ್ನೂ ಕೇಳಿ, ಎಂಟನೆಯ ತಿದ್ದುಪಡಿ ಹೀಗೇ ಉಳಿಯಬಾರದೆಂದಿತು. ಮತದಾನಕ್ಕೆ ಮುಂಚೆ ಬೆಳಗಾವಿಯಿಂದ ಸವಿತಾ ತಂದೆ ಐರಿಶ್ ಜನರಲ್ಲಿ ಹೌದೆಂದು ಮತ ಹಾಕಿ ಎಂದು ಕೇಳಿಕೊಂಡರು. 2019ರ ಜನವರಿಯಿಂದ ಹನ್ನೆರಡು ವಾರದವರೆಗೆ ಕಾರಣ ಕೇಳದೆ ಸೇವೆ ಸಿಗುತ್ತಿದೆ, ಮೂರು ದಿನ ಕಾಯಬೇಕೆಂಬ ಷರತ್ತಿನೊಂದಿಗೆ. ಆ ಷರತ್ತಿನ ಮೇಲೆ ಜಗಳ ಮುಗಿದಿಲ್ಲ.

ನಮ್ಮಲ್ಲಿ ಕಾನೂನು 1971ರಿಂದಲೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅದು ನಿರ್ಧಾರವನ್ನು ವೈದ್ಯರ ಕೈಗೆ ಕೊಟ್ಟಿದೆ; ಇಪ್ಪತ್ತು ವಾರದವರೆಗೆ ಒಬ್ಬರ ಅಭಿಪ್ರಾಯ, ಅಲ್ಲಿಂದ 24ರವರೆಗೆ ಕೆಲವು ವರ್ಗದವರಿಗೆ ಮಾತ್ರ, ಇಬ್ಬರ ಅಭಿಪ್ರಾಯ. ಆದರೂ ಒಂದು ಮಾತನ್ನು ಅದು ಸ್ಪಷ್ಟವಾಗಿ ಹೇಳುತ್ತದೆ: ಹದಿನೆಂಟು ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಹಾಗಿದ್ದೂ ಗಂಡನನ್ನು ಕರೆದುಕೊಂಡು ಬಾ, ಅತ್ತೆಯ ಸಹಿ ಹಾಕಿಸು ಎಂದು ಕೌಂಟರಿನಲ್ಲೇ ವಾಪಸು ಕಳಿಸುವುದುಂಟು. ಮನೆಯವರ ಒಪ್ಪಿಗೆಯಂಥ ಷರತ್ತುಗಳಿಗೆ ಕಾನೂನಿನ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಈ ಸಭೆಯಲ್ಲಿ ಆಶಾ ಕಾರ್ಯಕರ್ತೆಯರೂ ನರ್ಸುಗಳೂ ಇದ್ದೀರಿ. ಆ ತೀರ್ಪಿನ ಆ ಭಾಗವನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿ ನಿಮ್ಮ ನಿಮ್ಮ ಆಸ್ಪತ್ರೆಯ ಗೋಡೆಗೆ ಅಂಟಿಸಲು ಆಗುತ್ತದೆಯೇ? ಈಗ ಪ್ರಶ್ನೆಗಳಿದ್ದರೆ ಕೇಳಿ.