ಚೀನಾದ ಕೆರೆ ನೋಡಾಕ ಹೊಂಟೀರೇನು? ಮೊದಲು ಉಣಕಲ್ ಕೆರೆ ದಂಡಿಗೆ ಬರ್ರಿ

ವಿದ್ಯಾನಗರದಿಂದ ಮಾತಾಡಾಕತ್ತೇನಿ. ಇವತ್ತಿನ ವಿಷಯ ಮೂರು: ಕೆರೆ, ಊಟ, ಚಹಾ. ಈ ಮೂರಕ್ಕೇ ಜನ ಹುಡುಕಿಕೊಂಡು ಹೋಗೋ ಊರು ಚೀನಾದ ಹಾಂಗ್‌ಝೌ. 2020ರಲ್ಲಿ ನಿಂತಿದ್ದ ಭಾರತ–ಚೀನಾ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಗಿದೆ, ಟೂರಿಸ್ಟ್ ವೀಸಾನೂ ಸಿಗ್ತಿದೆ. ಶಾಂಘೈ ತಲುಪಿದರೆ ಅಲ್ಲಿಂದ ಹೈಸ್ಪೀಡ್ ರೈಲಿನಲ್ಲಿ ಸುಮಾರು ಒಂದು ತಾಸು.

ಅಲ್ಲಿ ಏನೈತಿ? ಮೊದಲನೆಯದು ವೆಸ್ಟ್ ಲೇಕ್. ಚೀನಾದ 1 ಯುವಾನ್ ನೋಟಿನ ಹಿಂದೆ ಇರೋ ಚಿತ್ರ ಇದೇ ಕೆರೆಯದು. ಪಕ್ಕದ ಗುಡ್ಡಗಳಲ್ಲಿ ಲಾಂಗ್‌ಜಿಂಗ್ ಅನ್ನೋ ಹಸಿರು ಚಹಾ ಬೆಳೀತಾರೆ. ಎಳೇ ಎಲೆಯನ್ನ ಬಿಸಿ ಬಾಣಲೆಗೆ ಕೈಯಿಂದಲೇ ಒತ್ತಿ ಒತ್ತಿ ಹುರೀತಾರೆ. ಏಪ್ರಿಲ್ ಮೊದಲ ವಾರದೊಳಗೆ ಕಿತ್ತ ಎಲೆಗೆ ಎಲ್ಲಕ್ಕಿಂತ ಹೆಚ್ಚು ರೇಟು. ಹಾಲಿಲ್ಲ, ಸಕ್ಕರೆ ಇಲ್ಲ. ಅದೇ ಎಲೆ ಹಾಕಿ ಸೀಗಡಿ ಅಡಿಗೆನೂ ಮಾಡ್ತಾರೆ. ಲಿಂಗ್‌ಯಿನ್ ಅನ್ನೋ ಬೌದ್ಧ ದೇವಾಲಯವನ್ನ ಭಾರತದಿಂದ ಹೋದ ಭಿಕ್ಷು ಕಟ್ಟಿಸಿದ ಅಂತ ಹೇಳ್ತಾರೆ. ಎದುರಿನ ಗುಡ್ಡ ಭಾರತದಿಂದಲೇ ಹಾರಿ ಬಂತಂತೆ, ಹೆಸರೂ ‘ಹಾರಿ ಬಂದ ಗುಡ್ಡ’!

ಈಗ ಅಸಲಿ ಮಾತಿಗೆ ಬರೋಣ. ಈ ಕೆರೆ ಒಂದು ಕಾಲಕ್ಕೆ ಮುಚ್ಚಿಹೋಗೋದರಲ್ಲಿತ್ತು. 1090ರಲ್ಲಿ ಅಲ್ಲಿ ಅಧಿಕಾರಿಯಾಗಿದ್ದವರು ಸು ಶಿ. ದೊಡ್ಡ ಕವಿ ಕೂಡ. ಕೆರೆಯ ಅರ್ಧಭಾಗ ಕಳೆ ತುಂಬಿದೆ, ಹೀಗೇ ಬಿಟ್ಟರೆ 20 ವರ್ಷದಲ್ಲಿ ಕೆರೆನೇ ಇರೋದಿಲ್ಲ ಅಂತ ಅವರು ರಾಜಧಾನಿಗೆ ಪತ್ರ ಬರೆದರು. ಹೂಳು ತೆಗೆಸಿದರು. ತೆಗೆದ ಹೂಳಿನಿಂದಲೇ ಕೆರೆ ನಡುವೆ ಸುಮಾರು 2.8 ಕಿಲೋಮೀಟರ್ ಒಡ್ಡು ಕಟ್ಟಿಸಿದರು. ಇವತ್ತು ಪ್ರವಾಸಿಗರು ನಿಂತು ಫೋಟೋ ತೆಗೆಸಿಕೊಳ್ಳೋದು ಆ ಒಡ್ಡಿನ ಮೇಲೇನೇ.

ನಾನು ಕಾಮರ್ಸ್ ಓದಿದವ, ನನಗೆ ಹಿಡಿಸಿದ್ದು ಮುಂದಿನ ಲೆಕ್ಕ. ಅಂಚಿನ ನೀರನ್ನ ಸಿಂಗಾಡ ಬೆಳೆಯೋ ರೈತರಿಗೆ ಬಾಡಿಗೆಗೆ ಕೊಟ್ಟರು. ಬೆಳೆ ಹಾಕಬೇಕಂದ್ರೆ ರೈತರು ಕಳೆ ಕೀಳಲೇಬೇಕು. ಬಂದ ಬಾಡಿಗೆ ಕೆರೆ ಖರ್ಚಿಗೇ. ಬೆಳೆ ಕೆರೆ ನಡುವಿಗೆ ಹಬ್ಬಬಾರದು ಅಂತ ನೀರಲ್ಲಿ ಗುರುತಿನ ಕಲ್ಲುಗೋಪುರಗಳನ್ನೂ ನಿಲ್ಲಿಸಿದರು. ಅಂದ್ರೆ ಒಂದು ಸಲ ಸ್ವಚ್ಛ ಮಾಡಿ ಕೈ ತೊಳಕೊಳ್ಳಲಿಲ್ಲ, ವರ್ಷವರ್ಷ ಸ್ವಚ್ಛ ಆಗೋ ವ್ಯವಸ್ಥೆ ಮಾಡಿದರು. 2002ರಿಂದ ದಂಡೆಯ ಉದ್ಯಾನಗಳ ಟಿಕೆಟ್ಟನ್ನೇ ತೆಗೆದುಹಾಕಿದರು. ಜನ ಹೆಚ್ಚು ಹೊತ್ತು ಉಳಿದರು, ಉಂಡರು, ಚಹಾ ಕುಡಿದರು. ಟಿಕೆಟ್ ಹೋದರೂ ಊರಿಗೆ ರೊಕ್ಕ ಬಂತು. 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಈಗ ವಿದ್ಯಾನಗರದಾಗ ಚಿಗರಿ ಬಸ್ ಹತ್ತಿ, ಉಣಕಲ್ ಕೆರೆ ಸ್ಟಾಪಿಗೆ ಇಳೀರಿ. ನೀರ ನಡುವೆ ವಿವೇಕಾನಂದರ ಪ್ರತಿಮೆ, ಸಂಜೆಯ ಗಾಳಿ. ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ, ಒಳಗೆ ಚತುರ್ಮುಖ ಲಿಂಗ. ಹಸಿವಾದರೆ ಗಿರಮಿಟ್ಟು, ಮಿರ್ಚಿ. ಹಾಗೇ ಧಾರವಾಡಕ್ಕೆ ಹೋದರೆ ಜಿಐ ಟ್ಯಾಗ್ ಇರೋ ಪೇಡೆ, ಬೇಂದ್ರೆಯವರ ಸಾಧನಕೇರಿ. ಅವರಿಗೆ ಕವಿ ಇದ್ದಂಗ ನಮಗೂ ಕವಿ ಅದಾರ. ಚಹಾ ಅಂತೂ ಕೇಳಬ್ಯಾಡ್ರಿ. ‘ಚಹಾ’ ಅನ್ನೋ ಶಬ್ದದ ಬೇರೂ ಚೀನಾದ ‘ಛಾ’ನೇ. ‘ಟೀ’ ಕೂಡ ಅಲ್ಲಿಯದೇ, ಫುಜಿಯಾನ್ ಕರಾವಳಿಯ ‘ತೆ’.

ಎಲ್ಲಾ ಐತಿ. ಇಲ್ಲದ್ದು ಆ ವ್ಯವಸ್ಥೆ ಒಂದೇ. ನಮ್ಮ ಕೆರೆಯಲ್ಲಿ ಅಂತರಗಂಗೆ ಬೆಳೀತದೆ, ಯಂತ್ರ ತಂದು ತೆಗೀತಾರೆ, ಮತ್ತೆ ಬೆಳೀತದೆ. ಯಾಕಂದ್ರೆ ಆ ಕಳೆಗೆ ಗೊಬ್ಬರ ನಮ್ಮದೇ ಕೊಳಚೆ ನೀರು. ಕೊಳಚೆ ನಿಲ್ಲಿಸದೇ ಕಳೆ ಕಿತ್ತರೆ, ಅಸಲು ಮುಟ್ಟದೇ ಬಡ್ಡಿ ಮಾತ್ರ ಕಟ್ಟಿದಂಗ. ನಾಲಾ ಪಕ್ಕ ಸೈಕಲ್ ದಾರಿ ಮಾಡಿದ್ದು ಒಳ್ಳೇದೇ, ಆದರೆ ನಾಲಾ ನಾರಿದರೆ ಸೈಕಲ್ ಹೊಡೆಯೋರು ಯಾರು?

ನಾವು ಕೇಳಬೇಕಾದ್ದು ಎರಡೇ. ಕೆರೆಗೆ ಸೇರೋ ಕೊಳಚೆ ಯಾವತ್ತು ನಿಲ್ತದೆ? ಕೆರೆಯಿಂದ ಬರೋ ಆದಾಯ ಕೆರೆಗೇ ಖರ್ಚಾಗೋ ಹಂಗ ಬೇರೆ ಖಾತೆ ಯಾಕಿಲ್ಲ? ನಿಮ್ಮ ವಾರ್ಡಿನ ಕಾರ್ಪೊರೇಟರ್‌ಗೆ ಇವನ್ನ ಕೇಳ್ರಿ. ಹಾಂಗ್‌ಝೌಗೂ ಖಂಡಿತ ಹೋಗ್ರಿ, ಚಂದದ ಊರು. ಒಡ್ಡಿನ ಮೇಲೆ ನಡೆಯುವಾಗ ಮಾತ್ರ ಒಂದು ನೆನಪಿರಲಿ, ನೀವು ತುಳೀತಿರೋದು ಆ ಕೆರೆಯ ಹೂಳು.

ಮುಂದಿನ ವಾರ ಸಿಗೋಣ್ರಿ. ಅಲ್ಲೀತನಕ ಚಹಾ ಆರಸಬ್ಯಾಡ್ರಿ.