ಬೇಸಿಗೆ ಬಂತು, ಮಾತ್ರೆ ಚೀಟಿ ತೋರಿಸಿ

(ರೋಗಿಗಳು ಮತ್ತು ಅವರ ಕಡೆಯವರಿಗಾಗಿ ನೀಡಿದ ಆರೋಗ್ಯ ಉಪನ್ಯಾಸ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ತಾವೆಲ್ಲ ಬಂದಿದ್ದೀರಿ. ನಾಲ್ಕೂ ದಾವಣಗೆರೆ ಜಿಲ್ಲೆಯವೇ ಆದರೂ ಬಿಸಿಲು ಎಲ್ಲ ಕಡೆ ಒಂದೇ ರೀತಿ ಕಾಡುವುದಿಲ್ಲ. ಜಗಳೂರು ಕಡೆ ಒಣ ಬಿಸಿಲು, ನೆರಳು ಕಡಿಮೆ. ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ. ನೆರಳಿದ್ದರೂ ಸೆಕೆಗೆ ಬೆವರು ಬೇಗ ಆರುವುದಿಲ್ಲ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ಆದ್ದರಿಂದ "ನಮ್ಮದು ತೋಟದ ಊರು, ನಮಗೇನಾಗುತ್ತದೆ" ಎನ್ನಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಹಿಂದೆಯೇ ಬಂದ 2024ರ ಬೇಸಿಗೆ ತಮಗೆ ನೆನಪಿರಬೇಕು.

ಆರೋಗ್ಯವಂತರಿಗೆ ಬೇಸಿಗೆ ಆಯಾಸ ತರುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಹೃದ್ರೋಗ, ಕಿಡ್ನಿ ತೊಂದರೆ ಇರುವವರಿಗೆ ಅಪಾಯವನ್ನೇ ತರಬಹುದು. ಬೆವರಿನಲ್ಲಿ ಮೈಯ ನೀರು, ಉಪ್ಪು ಹೊರಹೋಗುತ್ತವೆ. ಚರ್ಮದ ರಕ್ತನಾಳಗಳು ಹಿಗ್ಗಿ ಬಿ.ಪಿ. ಇಳಿಯುತ್ತದೆ, ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಚಳಿಗಾಲದಲ್ಲಿ ಸರಿಹೊಂದಿದ್ದ ಮಾತ್ರೆಯ ಪ್ರಮಾಣ ಏಪ್ರಿಲ್‌ನಲ್ಲಿ ಕೆಲವರಿಗೆ ಹೆಚ್ಚಾಗಬಹುದು. ಹಾಗಾಗಿ ನಾನು ಹೇಳುವ ಮುಖ್ಯ ಮಾತು ಒಂದೇ: ಬೇಸಿಗೆಯ ಆರಂಭದಲ್ಲೇ ಮಾತ್ರೆ ಚೀಟಿ ತಂದು ವೈದ್ಯರಿಗೆ ತೋರಿಸಿ. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ತಲೆಸುತ್ತು ಬಂದರೂ ಹೇಳದೆ ನುಂಗುತ್ತಲೂ ಇರಬೇಡಿ.

ಬಿ.ಪಿ. ಮತ್ತು ಹೃದ್ರೋಗ ಇರುವವರು: ಕಾಲು ಬಾವು, ಬಿ.ಪಿ.ಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿರುತ್ತೇವೆ. ಬೆವರಿನ ಜೊತೆ ಈ ಮಾತ್ರೆಯೂ ಸೇರಿ ಮೈಯ ನೀರು ಬೇಗ ಕಡಿಮೆಯಾಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿ.ಪಿ. ನೋಡಿಸಿ. ವಾಂತಿ, ಭೇದಿ ಶುರುವಾದರೆ ಅದೇ ದಿನ ವೈದ್ಯರನ್ನು ಕಂಡು ಯಾವ ಮಾತ್ರೆ ತಡೆಯಬೇಕೆಂದು ಕೇಳಿ. ಕೂಲಿ ಮುಗಿಸಿ ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸ ಬಿಡಿ. ನೀರು ಆರಿದ ದೇಹ, ಬಿ.ಪಿ. ಮಾತ್ರೆ, ಮೇಲೆ ನೋವಿನ ಮಾತ್ರೆ, ಈ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಇದು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹಾಕುವ ಕಾಲವೂ ಹೌದು. ಬೆವರಿಗೆ ಉಪ್ಪು ಬೇಕೆಂದು ತಾವೇ ಉಪ್ಪು ಹೆಚ್ಚಿಸಬೇಡಿ. ಮಜ್ಜಿಗೆಗೂ ಕಡಿಮೆ ಉಪ್ಪು ಹಾಕಿ.

ಸಕ್ಕರೆ ಕಾಯಿಲೆ ಇರುವವರು: ಬೆವರು, ನಡುಕ, ಎದೆ ಬಡಿತ ಬಂದಾಗ "ಬಿಸಿಲಿನ ಸುಸ್ತು" ಎಂದು ಮಲಗಿಬಿಡುತ್ತಾರೆ. ಅದು ಸಕ್ಕರೆ ಅಂಶ ಇಳಿದಿರುವ ಲಕ್ಷಣವೂ ಆಗಿರಬಹುದು. ಕೂಡಲೇ ಪರೀಕ್ಷಿಸಿ, ಅನುಕೂಲವಿಲ್ಲದಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ. ಸಕ್ಕರೆ ಅಂಶ ಏರಿದರೆ ಮೂತ್ರ ಹೆಚ್ಚಾಗಿ ನೀರು ಇನ್ನಷ್ಟು ಹೋಗುತ್ತದೆ. ಆದ್ದರಿಂದ ದಾಹಕ್ಕೆ ಕಬ್ಬಿನ ಹಾಲು, ಬಾಟಲಿ ಪಾನೀಯ ಬೇಡ; ನೀರು, ನೀರುಮಜ್ಜಿಗೆ ಸಾಕು. ಬಳಸದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಫ್ರಿಜ್ ಇಲ್ಲದವರು ಬಳಕೆಯ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಣ್ಣ ಕುಡಿಕೆಯಲ್ಲಿಟ್ಟು, ಆ ಕುಡಿಕೆಯನ್ನು ಒದ್ದೆ ಮರಳು ತುಂಬಿದ ಮಡಕೆಯೊಳಗೆ ನೆರಳಿನಲ್ಲಿಡಿ. ಬೈಕಿನ ಡಿಕ್ಕಿಯಲ್ಲಿ ಇಟ್ಟು ತರಬೇಡಿ. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಕಾದ ನೆಲ ಸುಟ್ಟರೂ ತಿಳಿಯದು. ಜಾತ್ರೆ, ತೇರಿನಲ್ಲೂ ಬರಿಗಾಲು ಬೇಡ. ರಾತ್ರಿ ಪಾದ ನೋಡಿಕೊಳ್ಳಿ.

ಕಿಡ್ನಿ ತೊಂದರೆ ಇರುವವರು: "ಬೇಸಿಗೆ, ಚೆನ್ನಾಗಿ ನೀರು ಕುಡಿಯಿರಿ" ಎಂಬ ಮಾತು ಎಲ್ಲರಿಗೂ ಅನ್ವಯಿಸದು. ಡಯಾಲಿಸಿಸ್‌ನಲ್ಲಿರುವವರು, ಹೃದಯದ ಬಲ ಕುಗ್ಗಿದವರು ವೈದ್ಯರು ಹೇಳಿದ ಅಳತೆಯಷ್ಟೇ ಕುಡಿಯಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಕುಗ್ಗಿದವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ನೋಡಲು ಬರುವ ಬಂಧುಗಳು ಕೇಳದೆ ಎಳನೀರು ಕುಡಿಸಬೇಡಿ. ಕಲ್ಲಿನ ತೊಂದರೆಯಷ್ಟೇ ಇರುವವರು ಮೂತ್ರ ತಿಳಿಯಾಗಿ ಬರುವಷ್ಟು ನೀರು ಕುಡಿಯಲಿ.

ಜಗಳೂರು ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ನೀರು ಕಾಯಿಸಿದರೆ ಅದು ಹೋಗುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚು ಕುಡಿಯುವುದರಿಂದ ಮೈ ಸೇರುವ ಫ್ಲೋರೈಡ್ ಕೂಡ ಹೆಚ್ಚು. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ.

ಮನೆಯವರಿಗೆ: ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ಕೇಳಲಿ ಎಂದು ಕಾಯದೆ ವೈದ್ಯರು ಹೇಳಿದ ಅಳತೆಯೊಳಗೆ ನೀವೇ ಆಗಾಗ ಕುಡಿಸಿ. ಹೊಲದ ಕೆಲಸ ಬೆಳಿಗ್ಗೆ 11ರೊಳಗೆ, ಮತ್ತೆ ಸಂಜೆ 4ರ ಮೇಲೆ ಇರಲಿ. ಮೈ ಕೆಂಡದಂತಾಗಿ, ಮಾತು ತೊದಲಿ, ಗುರುತು ತಪ್ಪಿದರೆ ಅದು ಬಿಸಿಲಾಘಾತ. ಬೆವರು ಬರುತ್ತಿದೆ ಎಂದು ಧೈರ್ಯದಿಂದಿರಬೇಡಿ. 108ಕ್ಕೆ ಕರೆ ಮಾಡಿ, ನೆರಳಿಗೆ ತಂದು ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಹಾಕುತ್ತಾ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಆಂಬುಲೆನ್ಸ್ ಬರುವವರೆಗೂ ಮೈ ತಣಿಸುವುದನ್ನು ನಿಲ್ಲಿಸಬೇಡಿ. ಜೀವ ಉಳಿಸುವುದು ಅದೇ.

ಇಂದು ಮನೆಗೆ ಹೋಗುವ ಮುನ್ನ ತಮ್ಮ ಚೀಟಿಯನ್ನು ಒಮ್ಮೆ ತೋರಿಸಿ, ಎರಡು ಪ್ರಶ್ನೆ ಕೇಳಿ: "ಬೇಸಿಗೆಗೆ ಈ ಮಾತ್ರೆ ಹೀಗೇ ಇರಲೇ? ದಿನಕ್ಕೆ ನಾನು ಎಷ್ಟು ನೀರು ಕುಡಿಯಲಿ?" ಕೇಳಲು ಸಂಕೋಚ ಬೇಡ. ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ.