ಕೌಂಟರಿನ ಹಿಂದೆ ನಿಂತವರು
(ಜುಮಾ ಖುತ್ಬಾದ ಸಾರಾಂಶ)



ಪ್ರವಾದಿ ಮೂಸಾ(ಅ) ಈಜಿಪ್ಟ್ ತೊರೆದು ಬರಿಗೈಯಲ್ಲಿ ಮದ್ಯನ್‌ಗೆ ಬಂದು ಕೆಲಸಕ್ಕೆ ಸೇರಿದ ವೃತ್ತಾಂತ ಸೂರಃ ಅಲ್‌ಕಸಸ್‌ನಲ್ಲಿದೆ. ಕೆಲಸಕ್ಕೆ ಇಟ್ಟುಕೊಳ್ಳುವವನು ಬಲಿಷ್ಠನೂ ವಿಶ್ವಸ್ತನೂ ಆಗಿರಬೇಕು ಎಂಬ ಮಾತು ಬರುವುದು ಅಲ್ಲಿಯೇ. ಆ ಮಾತು ನಮ್ಮ ಅಂಗಡಿ ಮಾಲಕರಿಗೆ ಬಾಯಿಪಾಠ. ಆದರೆ ಮರು ವಚನವನ್ನೂ ಓದಿರಿ. ಕೆಲಸ ಕೊಟ್ಟ ಹಿರಿಯರು ತಮ್ಮ ಕಡೆಯ ಮಾತನ್ನೂ ಕೊಡುತ್ತಾರೆ: ಅವಧಿ ಎಂಟು ವರ್ಷ, ಹತ್ತು ಪೂರ್ತಿ ಮಾಡುವುದು ಮೂಸಾರ(ಅ) ಇಷ್ಟ, ಅವರನ್ನು ಕಷ್ಟಕ್ಕೆ ಗುರಿಪಡಿಸುವ ಉದ್ದೇಶ ತಮಗಿಲ್ಲ. ಮೊದಲ ದಿನವೇ ಹೀಗೆ ಸ್ಪಷ್ಟವಾಗಿ ಮಾತಾಡಿ ಕೆಲಸ ಕೊಡುವವರು ನಮ್ಮಲ್ಲಿ ಎಷ್ಟು ಮಂದಿ?

ಈಗಿನ ಹುಡುಗರು ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ, ಎರಡು ತಿಂಗಳಿಗೇ ಬಿಟ್ಟು ಹೋಗುತ್ತಾರೆ ಎಂಬ ದೂರು ದಿನವೂ ಕೇಳುತ್ತೇವೆ. ಅದಕ್ಕೆ ನಮ್ಮ ಮದ್ದು ಗದರಿಕೆ, ಇಲ್ಲವೇ ಈದ್‌ಗೆ ಒಂದು ಜೊತೆ ಬಟ್ಟೆ. ಕೊಟ್ಟ ಕೆಲಸವೇ ಹೇಗಿದೆ ಎಂದು ನೋಡುವುದಿಲ್ಲ.

ನೆರೆಯ ಕಲ್ಲಿಕೋಟೆಯ ಜವಳಿ ಅಂಗಡಿಗಳಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲೂ ಮಹಿಳೆಯರು ಕುಳಿತುಕೊಳ್ಳುವಂತಿರಲಿಲ್ಲ. ಶೌಚಾಲಯದ ಅನುಕೂಲವಿಲ್ಲದೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅವರು ಬೀದಿಗಿಳಿದು ಹೋರಾಡಿದ ಮೇಲೆ 2018ರಲ್ಲಿ ಕೇರಳ ಕಾನೂನು ತಿದ್ದಿ, ಕೂರಲು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಒಂದು ಸ್ಟೂಲಿಗಾಗಿ ಕಾನೂನು! ಕೈಕೆಳಗಿನವರು ನಿಮ್ಮ ಸಹೋದರರು, ಅವರಿಗೆ ಶಕ್ತಿ ಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಬೇಕು ಎಂದು ಪ್ರವಾದಿ(ಸ) ಕಲಿಸಿದ್ದನ್ನು ಅಬೂದರ್ರ್(ರ) ವರದಿ ಮಾಡಿದ್ದಾರೆ. ಆ ಸಮುದಾಯಕ್ಕೆ ಸರಕಾರ ಬಂದು ಹೇಳಬೇಕೇ? "ಕೂತರೆ ಗಿರಾಕಿಗಳು ಸೋಮಾರಿ ಅಂದುಕೊಳ್ಳುತ್ತಾರೆ" ಎನ್ನುವವರು ಗಲ್ಲಾದಲ್ಲಿ ತಾವು ಕುಳಿತಿರುವುದನ್ನು ಮರೆತಿರುತ್ತಾರೆ.

ಕೈಜೋಡಿಸುವುದು ಬರೀ ಉಪದೇಶವಾಗಿರಲಿಲ್ಲ. ಖಂದಕ್ ತೋಡುವಾಗ ಪ್ರವಾದಿ(ಸ) ಸ್ವತಃ ಮಣ್ಣು ಹೊತ್ತರು. ಬಾಲಕನಾಗಿದ್ದಾಗಲೇ ಸೇವೆಗೆ ಬಂದ ಅನಸ್(ರ) ಹತ್ತು ವರ್ಷ ಜೊತೆಗಿದ್ದರು. ಅಷ್ಟೂ ಕಾಲ ಒಂದು 'ಛೀ' ಕೂಡ ಕೇಳಲಿಲ್ಲ ಎಂದು ನೆನೆದಿದ್ದಾರೆ.

ಇನ್ನೊಂದು ವಿಷಯದ ಬಗ್ಗೆ ನಾವು ಯೋಚಿಸುವುದು ಕಡಿಮೆ. ಮದೀನಾದಲ್ಲಿ ಮಸೀದಿ ಕಟ್ಟುವಾಗ ಯಮಾಮಾದಿಂದ ಬಂದಿದ್ದ ತಲ್ಕ್ ಬಿನ್ ಅಲೀ(ರ) ಮಣ್ಣು ಕಲಸುವುದರಲ್ಲಿ ನಿಪುಣರೆಂದು ಪ್ರವಾದಿ(ಸ) ಗಮನಿಸಿ, ಆ ಕೆಲಸವನ್ನು ಅವರಿಗೇ ಬಿಡಲು ಹೇಳಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ಯಾರ ಕೈ ಯಾವುದಕ್ಕೆ ಒಗ್ಗುತ್ತದೆ ಎಂದು ನೋಡುವುದೂ ನಾಯಕನ ಕೆಲಸ. ನಮ್ಮಲ್ಲಿ ಲೆಕ್ಕದಲ್ಲಿ ಚುರುಕಾದವನು ದಿನವಿಡೀ ಸೀರೆ ಮಡಚುತ್ತಾನೆ, ವಯಸ್ಸಾದ ಗಿರಾಕಿಗಳೊಂದಿಗೆ ತಾಳ್ಮೆಯಿಂದ ಮಾತಾಡಬಲ್ಲವನು ಗೋಡೌನಿನಲ್ಲಿ ಬೇಲು ಎತ್ತುತ್ತಾನೆ. ಇಬ್ಬರಿಗೂ ಬೇಸರ, ಮಾಲಕನಿಗೂ ನಷ್ಟ.

ನೌಕರರ ಹೊಣೆಯೂ ಇದೆ. ದುಡಿಯುವ ಸಮಯ ಅವರ ಕೈಯಲ್ಲಿರುವ ಅಮಾನತ್. ಅದನ್ನು ಇನ್ನೊಂದು ಜುಮಾದಲ್ಲಿ ಹೇಳೋಣ.

ಇವತ್ತು ಹೇಳಲೇಬೇಕಾದದ್ದು ರಮಝಾನಿನ ಕೊನೆಯ ಹತ್ತು ರಾತ್ರಿಗಳ ವಿಷಯ. ವ್ಯಾಪಾರ ಕುದುರುವುದು ಆಗಲೇ, ಲೈಲತುಲ್ ಕದ್ರ್ ಅರಸಬೇಕಾದದ್ದೂ ಆಗಲೇ. ಮಾಲಕ ಮೊದಲ ಸಫ್ಫಿನಲ್ಲಿ ತರಾವೀಹ್‌ಗೆ ನಿಂತಿರುತ್ತಾನೆ, ಅವನ ಹುಡುಗರು ಮಧ್ಯರಾತ್ರಿವರೆಗೆ ಕೌಂಟರಿನಲ್ಲಿ. ಹತ್ತು ಜನರಿರುವ ಅಂಗಡಿಯಲ್ಲಿ ಒಂದು ರಾತ್ರಿ ಐವರು, ಮರುರಾತ್ರಿ ಉಳಿದ ಐವರು ಎಂದು ಪಾಳಿ ಮಾಡಲು ಸಾಧ್ಯವಿಲ್ಲವೇ? ನಿಮ್ಮಲ್ಲಿ ದುಡಿಯುವ ಮುಸ್ಲಿಮೇತರ ಸಹೋದರ ಸಹೋದರಿಯರಿಗೂ ಆ ದಿನಗಳಲ್ಲಿ ಊಟದ ಹೊತ್ತು ಬೇಕು, ಕೊನೆಯ ಬಸ್ಸು ಸಿಗಬೇಕು. ಪಾಳಿಯ ಪಟ್ಟಿಯನ್ನು ಅವರನ್ನೂ ಕೂರಿಸಿಕೊಂಡು ಬರೆಯಿರಿ. ರಮಝಾನಿನ ಚಂದ್ರ ಕಾಣುವ ಮೊದಲೇ ಅದನ್ನು ಗೋಡೆಗೆ ಅಂಟಿಸಿರಿ.